ಮುನಿಯಮ್ಮಜ್ಜಿಯ ಮಳೆದೇವರು

ಬರ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಎಂದೂ ಬರ ಬಂದದ್ದಿಲ್ಲ. ಚಿಕ್ಕಂದಿನಲ್ಲಿ ಹಬ್ಬದ ದಿನ ಎಲೆ ಹಾಕುವ ಮುಂಚೆಯೇ ಒಬ್ಬಟ್ಟಿಗೆ ಕೈ ಚಾಚಿದರೆ ಅಮ್ಮ, "ಬರಗೆಟ್ಟೋನ ಹಂಗೆ ಆಡ್ಬೇಡ ಕಣೋ, ನೋಡ್ದೋರು ಏನಂತಾರೆ!" ಎಂದು ಗದರುತ್ತಿದ್ದಳು. ಮುಂದೆ ನನ್ನ ಮದುವೆ ಗೊತ್ತಾದಾಗ ಹೆಂಡತಿ ಸುಶೀಲಳ ಸೋದರತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕೆ, ಊರಲ್ಲಿ ಗಂಡಿಗೇನು ಬರ ಬಂದಿತ್ತಾ?" ಎಂದು ಕೇಳಿದರಂತೆ. ಈ ಸುದ್ದಿಯನ್ನು ಸುಶೀಲ ವರ್ಷಕ್ಕೆರಡು ಸಲವಾದರೂ ನನ್ನ ಕಿವಿಗೆ ಹಾಕುತ್ತಾಳೆ. ನಾನು ಕಿಟಕಿಯ ಹತ್ತಿರ ಕೂತು ಮೋಡ ನೋಡುತ್ತಾ ಮೈಮರೆತರೆ, "ರೀ, ಮಾತಿಗೂ ಬರಾನಾ?" ಎನ್ನುತ್ತಾಳೆ. ಹೀಗೆ ಸಾರಿಗೆ ಉಪ್ಪು ಹಾಕಿದಷ್ಟು ಸಲೀಸಾಗಿ ಬಳಸುತ್ತಿದ್ದ ಈ ಮಾತು ಒಮ್ಮೆ ತನ್ನ ನಿಜವಾದ ಅರ್ಥವನ್ನೇ ಹೊತ್ತು ನನ್ನ ಮೇಜಿನ ಮುಂದೆ ಬಂದು ನಿಂತಾಗ, ನಾನು ಎಂದಿನಂತೆ ಮೋಡ ನೋಡುತ್ತಿದ್ದೆ. ಅದನ್ನೇ ಈಗ ಒಪ್ಪಿಕೊಳ್ಳಲು ಹೊರಟಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಸಕೋಟೆ ಕಡೆ, ಅನುಗೊಂಡನಹಳ್ಳಿಯಿಂದಾಚೆಯ ಒಂದು ಸಣ್ಣ ಊರಿನ ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಪಹಣಿ, ಅರ್ಜಿ, ಠಸ್ಸೆಗಳ ನಡುವೆ ನನ್ನ ಪಾಲಿಗೆ ಒಂದು ಸುಖದ ಕೆಲಸವೂ ಇತ್ತು. ಅದು ಮಳೆ ಅಳೆಯುವುದು. ಕಚೇರಿಯ ಹಿಂದಿನ ಬಯಲಲ್ಲಿ ಪುಟ್ಟದೊಂದು ಸಿಮೆಂಟ್ ಕಟ್ಟೆ, ಅದರ ಮೇಲೆ ಹಿತ್ತಾಳೆ ಅಂಚಿನ ಒಂದು ಡಬ್ಬ, ಡಬ್ಬದ ಬಾಯಿಗೆ ಆಲಿಕೆ, ಒಳಗೊಂದು ಶೀಶೆ. ಬೆಳಿಗ್ಗೆ ಎಂಟೂವರೆಗೆ ಹೋಗಿ, ಮೊಣಕಾಲೂರಿ, ಶೀಶೆಯಲ್ಲಿ ಬಿದ್ದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆಮೇಲೆ ಅಲ್ಲೇ ಒಂದರ್ಧ ಗಂಟೆ ನೀಲಗಿರಿ ತೋಪಿನ ಮೇಲೆ ತೇಲುವ ಬಿಳಿಮೋಡಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಇದನ್ನು ಯಾವ ಕಾನೂನೂ ಹೇಳಿರಲಿಲ್ಲ. ಸಂಬಳ ಕೊಟ್ಟು ಆಕಾಶ ನೋಡು ಎನ್ನುವ ಸರ್ಕಾರದ ಮೇಲೆ ನನಗೆ ನಿಜವಾಗಿ ಪ್ರೀತಿಯಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ರಾಗಿ ಹೊಲಗಳಲ್ಲಿ ಪೈರು ಗೇಣುದ್ದಕ್ಕೇ ನಿಂತುಹೋಯಿತು, ಕೆರೆಯಂಗಳದಲ್ಲಿ ಹುಡುಗರು ಚೆಂಡಾಟ ಆಡಿದರು, ಊರಿಗೆಲ್ಲ ಇದ್ದ ಒಂದೇ ಕೈಪಂಪಿನ ಮುಂದೆ ಕೊಡಗಳ ಸಾಲು ಬೀದಿ ಮೂಲೆ ತಿರುಗಿತು. ಇಷ್ಟಾದರೂ ಅದು ಬರ ಅಲ್ಲ. ನಾವೆಲ್ಲ ಬಾಯಿಗೆ ಬಂದ ಹಾಗೆ ಆಡುವ ಮಾತನ್ನು ಸರ್ಕಾರ ಪುಸ್ತಕ ನೋಡಿಯೇ ಆಡುವುದು. ನನ್ನ ಪುಸ್ತಕ ಬರ ಎಂದರೆ ಮಾತ್ರ ನಮ್ಮ ಹೋಬಳಿ ಬರಪೀಡಿತ ಪಟ್ಟಿಗೆ ಸೇರಿ, ಕುಡಿಯುವ ನೀರಿನ ಟ್ಯಾಂಕರ್ ಬರಬೇಕು.

ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಶೀಶೆಯಲ್ಲಿ ನೀರು ಕಂಡಿತು. ಹತ್ತು ಮಿಲಿಮೀಟರ್! ನಾನು ಮಲಗಿದ್ದಾಗ ಸದ್ದಿಲ್ಲದೆ ಬಂದು ಹೋಗಿರಬೇಕು, ಎಂಥ ಮೃದುವಾದ ಮಳೆ, ಎಂದು ಪುಳಕಗೊಂಡು ಬರೆದೆ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಡಬ್ಬದ ಮೈಗೆ ಅರಿಶಿನ ಕುಂಕುಮ ಇದ್ದದ್ದನ್ನೂ ಕಂಡೆ. ಆದರೆ ನಮ್ಮಲ್ಲಿ ಆಯುಧಪೂಜೆಗೆ ಬೆರಳಚ್ಚು ಯಂತ್ರಕ್ಕೂ ಕುಂಕುಮ ಇಡುತ್ತಾರಲ್ಲ, ಅದಿರಬಹುದು ಎಂದುಕೊಂಡೆ. ಆಯುಧಪೂಜೆಗೆ ಇನ್ನೂ ಎರಡು ತಿಂಗಳಿತ್ತು.

ಮೂರನೆಯ ದಿನ ಸಂಜೆಯೇ ತಹಸೀಲ್ದಾರರು ಕರೆಸಿದರು. "ಏನ್ರೀ, ಸುತ್ತಲೂ ಧೂಳು ಹಾರ್ತಾ ಇದೆ, ನಿಮ್ಮೂರಲ್ಲಿ ಮಾತ್ರ ಮೂರು ದಿನ ಮಳೆ! ಮೋಡ ಏನು ನಿಮ್ಮ ನೆಂಟರಾ? ಹೀಗಾದ್ರೆ ನಿಮ್ಮ ಹೋಬಳೀನ ಪಟ್ಟಿಗೆ ಸೇರ್ಸಕ್ಕಾಗಲ್ಲ. ಟ್ಯಾಂಕರ್ ಬೇರೆ ಕಡೆ ಹೋಗುತ್ತೆ."

ಮರುದಿನ ಬೆಳಕು ಹರಿಯುವ ಹೊತ್ತಿಗೇ ಹೋಗಿ ಬೇಲಿಯ ಪಕ್ಕ ಕಾದು ನಿಂತೆ. ಕಚೇರಿಯ ಹಿಂದಿನ ಮನೆಯ ಮುನಿಯಮ್ಮಜ್ಜಿ ಬಂದಳು. ಕಟ್ಟೆಗೆ ಕೈಮುಗಿದು, ಕಣಗಿಲೆ ಹೂ ಇಟ್ಟು, ಒಂದು ಲೋಟ ನೀರನ್ನು ಭಕ್ತಿಯಿಂದ ಆಲಿಕೆಗೆ ಸುರಿದಳು.

"ಅಜ್ಜೀ! ಏನ್ ಮಾಡ್ತಿದ್ದೀಯ?"

"ಕಾಣಾಕಿಲ್ವಾ ಸಾಮಿ? ಮಳೆದೇವ್ರಿಗೆ ನೀರು ಹಾಕ್ತಾ ಇವ್ನಿ."

"ಇದು ದೇವ್ರು ಅಂತ ಯಾರು ಹೇಳಿದ್ದು ನಿಂಗೆ?"

"ನೀವೇ ದಿನಾ ಬೆಳಗ್ಗೆ ಬಂದು ಮಂಡಿ ಊರಿ ತಲೆ ಬಗ್ಸ್ತಿರಲ್ಲ! ಆಮ್ಯಾಕೆ ಅರ್ಧ ಗಂಟೆ ಆಕಾಸ ನೋಡ್ಕಂಡು ಧ್ಯಾನ ಮಾಡ್ತೀರಿ. ಸರ್ಕಾರದೋರೇ ಹಂಗ್ ನಡ್ಕಂಡ್ ಮ್ಯಾಕೆ ನಂದ್ಯಾವ ಲೆಕ್ಕ?"

ನನ್ನ ಸೋಮಾರಿತನವನ್ನು ಧ್ಯಾನ ಎಂದವರು ಜೀವನದಲ್ಲಿ ಅವಳೊಬ್ಬಳೇ. "ಒಂದ್ ಕೊಡಕ್ಕೆ ಅರ್ಧ ದಿನ ಪಂಪಿನ ಮುಂದೆ ನಿಂತಿರ್ತೀಯ. ಆ ನೀರು ತಂದು ಇದಕ್ಕೆ ಸುರೀತೀಯಲ್ಲ ಅಜ್ಜಿ!" ಎಂದೆ. "ನಾನು ಒಂದ್ ಲೋಟ ಕಮ್ಮಿ ಕುಡೀತೀನಿ ಬುಡಿ. ಬರೀ ಕೈಯಾಗೆ ಕೇಳಿದ್ರೆ ಚೆಂದಾಗಿರ್ತದಾ?" ಎಂದಳು. ನನಗೆ ನಾಚಿಕೆಯಾಯಿತು. ಅವಳಿಗೆ ಏನು ವಿವರಿಸಬೇಕೋ ತೋಚದೆ, "ಇನ್ಮೇಲೆ ಇದರೊಳಗೆ ಒಂದು ತೊಟ್ಟು ನೀರೂ ಬೀಳಬಾರದು ಅಜ್ಜಿ. ಬಿದ್ರೆ ಊರಿಗೇ ಕೇಡು" ಎಂದುಬಿಟ್ಟೆ. ಅವಳು ಹೆದರಿ ಕೆನ್ನೆ ಕೆನ್ನೆ ಬಡಿದುಕೊಂಡಳು.

ತಹಸೀಲ್ದಾರರ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. "ಮೂರು ದಿನ ಒಂದ್ಸಲಾನೂ ಆಕಾಶ ನೋಡ್ಲಿಲ್ವೇನ್ರೀ?" ಎಂದರು. "ನೋಡಿದ್ದೆ ಸಾರ್, ಬಹಳ ಚೆನ್ನಾಗಿತ್ತು" ಎಂದೆ. ಅವರು ಮೂರು ದಿನದ ಮಳೆಯನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಹೋಬಳಿ ಪಟ್ಟಿಗೆ ಸೇರಿತು. ವಾರದೊಳಗೆ ಟ್ಯಾಂಕರ್ ಬಂತು. ಮುನಿಯಮ್ಮಜ್ಜಿ ಮೊದಲ ಕೊಡ ತುಂಬಿಸಿಕೊಂಡು, ಕಚೇರಿಯ ಹಿಂಬದಿಗೆ ತಿರುಗಿ ದೂರದಿಂದಲೇ ಕೈಮುಗಿದದ್ದನ್ನು ನಾನು ನೋಡಿದೆ.

ಒಂದು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ನಿಜವಾದ ಮಳೆ ಬಂತು. ನಾನು ಕಚೇರಿಯ ಮುಂದಿನ ಜಗುಲಿಯಲ್ಲಿ ನಿಂತುಬಿಟ್ಟೆ. ಮಣ್ಣಿನ ವಾಸನೆ, ನೀಲಗಿರಿ ಎಲೆಗಳ ವಾಸನೆ, ಹೆಂಚಿನಿಂದ ಇಳಿಯುವ ನೀರಿನ ದಾರಗಳು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಮರುದಿನ ಎಂಟೂವರೆಗೆ ಹಿಗ್ಗುತ್ತಾ ಹಿಂದಿನ ಬಯಲಿಗೆ ಹೋದರೆ, ಮಳೆಡಬ್ಬದ ಮೇಲೆ ಗೋಣಿಚೀಲದ ಕೊಪ್ಪೆ, ಅದರ ಮೇಲೆ ಬಿದಿರಿನ ಒಂದು ಮಂಕರಿ, ಮಂಕರಿಯ ಮೇಲೊಂದು ಕಲ್ಲು! ಶೀಶೆ ಒಣಗಿ ಖಣಖಣ ಎನ್ನುತ್ತಿತ್ತು. ಬೇಲಿಯಾಚೆ ಮುನಿಯಮ್ಮಜ್ಜಿ ಸೀನುತ್ತಾ ನಿಂತಿದ್ದಳು.

"ಒಂದ್ ತೊಟ್ಟೂ ಬೀಳಬಾರ್ದು ಅಂದಿದ್ರಲ್ಲ ಸಾಮಿ? ಹನಿ ಸುರುವಾಗ್ತಿದ್ದಂಗೇ ಓಡ್ಬಂದೆ. ತಲೆ ಮ್ಯಾಲಿದ್ದ ಕೊಪ್ಪೆನೇ ಹಾಕ್ಬುಟ್ಟೆ. ನಾನ್ ನೆಂದ್ರೆ ನೆಂದೆ, ಊರು ಚೆಂದಾಗಿರ್ಲಿ."

ನಮ್ಮ ಚಪ್ಪಲಿಗಳು ಕೆಸರಿನಲ್ಲಿ ಹೂತಿದ್ದವು, ಕೆರೆಯ ಕಡೆಯಿಂದ ಕಪ್ಪೆಗಳು ಕೂಗುತ್ತಿದ್ದವು. ಪುಸ್ತಕ ತೆರೆದು ಸೊನ್ನೆ ಎಂದು ಬರೆದು ಸಹಿ ಹಾಕಿದೆ.

ಹೀಗೆ ಆ ವರ್ಷದ ನನ್ನ ಪುಸ್ತಕದಲ್ಲಿ ಬಾರದ ಮಳೆ ಬಂದಿದೆ, ಬಂದ ಮಳೆ ಬಂದಿಲ್ಲ. ಅದನ್ನು ನೋಡಿ ತಹಸೀಲ್ದಾರರು ತಲೆ ಚಚ್ಚಿಕೊಂಡು, "ಅಲ್ರೀ, ಈ ತಾಲ್ಲೂಕಲ್ಲಿ ಗುಮಾಸ್ತರಿಗೇನು ಬರ ಬಂದಿತ್ತಾ?" ಎಂದರು. ಎಲ್ಲೋ ಕೇಳಿದ ಮಾತು ಎನ್ನಿಸಿತು. ಮನೆಗೆ ಬಂದು ಸುಶೀಲಳಿಗೆ ಹೇಳಿದೆ. ಅವಳು ಕಾಫಿಲೋಟ ಕೈಗಿಡುತ್ತಾ, "ಪಾಪ, ತಹಸೀಲ್ದಾರ್ರಿಗೆ ಇವತ್ತು ಗೊತ್ತಾಯ್ತು. ನಮ್ಮ ಸೋದರತ್ತೆ ಅವತ್ತೇ ಕೇಳಿದ್ರು" ಎಂದಳು. ಆಮೇಲೂ ಅವಳು ಏನೋ ಹೇಳುತ್ತಿದ್ದಳು. ಕಿಟಕಿಯಾಚೆ ಮತ್ತೆ ಮೋಡ ಕಟ್ಟುತ್ತಿತ್ತು, ಅದನ್ನು ನೋಡುತ್ತಾ ನನಗೆ ಸರಿಯಾಗಿ ಕೇಳಿಸಲಿಲ್ಲ.