ಕೌದಿ ಹೊದ್ದ ಸಮುದಾಯ ಭವನ

ನಮ್ಮ ಕಾಕಾ ಮುಟ್ಟಿದ ಯಾವ ಮಷೀನೂ ಇದುವರೆಗೆ ಕೆಟ್ಟಿಲ್ಲ. ಯಾವ ದೇವರ ಮುಂದೆ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ. ಕೆಟ್ಟಿಲ್ಲ, ಮೊದಲಿನ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹತ್ತಿವೆ, ಅಷ್ಟೇ! ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಟೇಬಲ್ ಫ್ಯಾನು ನಿಂತಾಗ ಕಾಕಾ ಅದನ್ನು ಬಿಚ್ಚಿ, ಇಡೀ ದಿನ ಅದರ ಮುಂದೆ ಕೂತು, ಮತ್ತೆ ಜೋಡಿಸಿ ಕೊಟ್ಟ. ತಿರುಗಿತು. ಗಾಳಿ ಮಾತ್ರ ಹಿಂದಕ್ಕೆ ಬರುತ್ತಿತ್ತು. ಅಪ್ಪ ಸಿಟ್ಟಿಗೆದ್ದರೆ ಕಾಕಾ ಶಾಂತವಾಗಿ ಹೇಳಿದ: “ಹಂಗಾರ ಹಿಂದ ಕುಂಡ್ರು. ಮುಂದ ಕುಂಡ್ರಬೇಕಂತ ಯಾರ ಹೇಳ್ಯಾರ ನಿನಗ?” ಆ ಬೇಸಿಗೆ ಪೂರ್ತಿ ನಾವೆಲ್ಲ ಫ್ಯಾನಿನ ಬೆನ್ನಿಗೆ ಕೂತು ಊಟ ಮಾಡಿದೆವು.

ಇಂಥವನ ಕೈಗೆ ಊರವರು ಸಮುದಾಯ ಭವನದ ಮೈಕ್ ಸೆಟ್ಟಿನ ಕೆಲಸ ಕೊಟ್ಟರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಅವರು ಕೊಡಲಿಲ್ಲ, ಇವನೇ ಕಸಿದುಕೊಂಡ. ಅದಕ್ಕೆ ಕಾರಣ ಕಾಕು.

ನಮ್ಮೂರು ಸಿಂದಗಿ ತಾಲೂಕಿನಲ್ಲಿ, ಯಂಕಂಚಿಯಿಂದ ಸ್ವಲ್ಪ ಆಚೆ. ಅಲ್ಲಿ ಕಾಕಾನದು ಹಿಟ್ಟಿನ ಗಿರಣಿ. ಕಾಕಾ ಬೆಲ್ಟು ಬಿಗಿಯುತ್ತ, ಬಿಚ್ಚುತ್ತ, ಮತ್ತೆ ಬಿಗಿಯುತ್ತ ಇದ್ದರೆ, ಅವನ ಹೆಂಡತಿ, ಅಂದರೆ ನಮ್ಮ ಕಾಕು, ಇಪ್ಪತ್ತೈದು ವರ್ಷ ಆ ಗದ್ದಲದೊಳಗೇ ಕೂತು ಊರಿನವರ ಜೋಳದ ಡಬ್ಬಿ ಇಳಿಸಿಕೊಂಡಳು. ಗಿರಣಿ ಜೋಳದ ಜೊತೆ ಅವಳ ಕಿವಿಯನ್ನೂ ಬೀಸಿಬಿಟ್ಟಿತು. ಎದುರು ಕೂತು ಜೋರಾಗಿ ಹೇಳಿದರೆ ಕೇಳುತ್ತಿತ್ತು. ಇಲ್ಲವಾದರೆ ನಕ್ಕು “ಹೌದ್ರಿ” ಎನ್ನುತ್ತಿದ್ದಳು. “ಕಾಕು, ಯಾವಾಗ ಬಂದಿ?” ಎಂದರೂ ಹೌದ್ರಿ, “ಕಾಕಾ ಎಲ್ಲಿ ಹೋಗ್ಯಾನ?” ಎಂದರೂ ಹೌದ್ರಿ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಗಳಿಗೆ ಅಕ್ಷತೆ ಬೀಳುವುದನ್ನು ಹೆತ್ತ ತಾಯಿ ಕಣ್ಣಿಂದ ನೋಡಬಾರದು. ಒಳಕೋಣೆಯಲ್ಲಿ ಮುಷ್ಟಿ ತುಂಬ ಅಕ್ಷತೆ ಹಿಡಿದು ಕೂತು, ಮದುವೆ ಮಾಡಿಸುವ ಅಯ್ಯನವರು ಕೊನೆಗೆ ‘ಸಾವಧಾನ’ ಅಂದದ್ದು ಕಿವಿಗೆ ಬಿದ್ದಾಗ ಹೊಸ್ತಿಲ ಕಡೆಗೆ ಎಸೆಯಬೇಕು. ಯಾಕೆ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ. ಕಾಕಾನ ಹಿರಿಯ ಮಗಳ ಮದುವೆ ಆಗಷ್ಟೇ ಕಟ್ಟಿದ ಸಮುದಾಯ ಭವನದಲ್ಲಾಯಿತು. ಮೇಲೆ ತಗಡು, ಸುತ್ತ ಬೋಳು ಗೋಡೆ, ಒಳಕೋಣೆ ಅಂದರೆ ಅಡಿಗೆಮನೆಯೇ. ಒಂದು ಮಾತು ಅಂದರೆ ನಾಲ್ಕಾಗಿ ತಿರುಗಿ ಬರುತ್ತಿತ್ತು. ನಾಲ್ಕರಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ಕಾಕು ನಗುತ್ತಲೇ ಹೇಳಿದಳು: “ಲಗ್ನ ಆತು ಅಂತ ನನಗ ಗೊತ್ತಾಗಿದ್ದ ಸಾರಿನ ಬಕೀಟ ಹೊರಗ ಹೋದಾಗ ನೋಡ್ರಿ.”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಸಣ್ಣ ಮಗಳಿಗೆ ಮುಂದಿನ ವೈಶಾಖದಲ್ಲಿ ಲಗ್ನ ನಿಶ್ಚಯವಾಗಿತ್ತು. “ಇದೊಂದ ಲಗ್ನಾನಾದ್ರೂ ಆಕಿ ಕಿವಿಲೆ ಕೇಳಬೇಕು,” ಎಂದ. ಮರುದಿನವೇ ಪಂಚರ ಮುಂದೆ ಹೋಗಿ, ಮೈಕ್ ಸೆಟ್ಟಿನ ಜವಾಬ್ದಾರಿ ತನ್ನದು ಎಂದು ಸಾರಿ, ಅವರು ಬೇಡ ಅನ್ನುವುದರೊಳಗೆ ಎದ್ದು ಬಂದ.

ಪಂಚರು ಅದಕ್ಕೆಂದು ಇಟ್ಟಿದ್ದ ದುಡ್ಡಿನಲ್ಲಿ ಒಳ್ಳೆಯದೊಂದು ಮೈಕು ಬರುತ್ತಿತ್ತು. ಆಂಪ್ಲಿಫೈಯರು, ಸ್ಪೀಕರು, ವಾಯರು ಯಾವುದೂ ಬರುತ್ತಿರಲಿಲ್ಲ. ಕಾಕಾ ಸಿಂದಗಿಯಿಂದ ತನ್ನ ದೋಸ್ತ ಇಮಾಮಸಾಬನನ್ನು ಕರೆತಂದ. ರೇಡಿಯೊ ರಿಪೇರಿ ಮಾಡುವ ಮನುಷ್ಯ, ಸಣ್ಣ ದನಿ, ಕಿಸೆಯಲ್ಲಿ ಸದಾ ಒಂದು ಟೆಸ್ಟರು. ಭವನದ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದ. ಅದು ತಗಡಿಗೆ, ಗೋಡೆಗೆ ಬಡಿದು ಅಡ್ಡಾಡಿ ಬರುವವರೆಗೆ ಕಾದ.

“ಕಾಕಾ, ಮೈಕ್ ಆಮ್ಯಾಲಿನ ಮಾತು. ಮೊದ್ಲ ಈ ಗ್ವಾಡಿ ಬಾಯಿ ಮುಚ್ಚಸ್ರಿ.”

“ಏನ್ಲೆ ಮುಚ್ಚಸೂದು?”

“ದಪ್ಪ ಅರಿವಿ ತೂಗಬಿಟ್ರ ಮುಚ್ಚಕೋತೈತ್ರಿ.”

ದಪ್ಪ ಅರಿವೆ! ನಮ್ಮ ಕಡೆ ಅದಕ್ಕೇನು ಬರ? ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹೊಲಿದ ಕೌದಿ ಇಲ್ಲದ ಮನೆಯೇ ಇಲ್ಲ. ಮನೆಗೊಂದು ಕೌದಿ ಕೊಡಬೇಕೆಂದು ಕಾಕಾ ಓಣಿ ಓಣಿ ತಿರುಗಿದ. ಕೊಡದವರ ಜೋಳ ಬೀಸುವುದಿಲ್ಲ ಅಂದ. ಎಂಟು ದಿನದಲ್ಲಿ ಭವನದ ನಾಲ್ಕೂ ಗೋಡೆ ಕೌದಿ ಹೊದ್ದುಕೊಂಡವು. ಆಮೇಲಿನ ಜಗಳ ಏನು ಹೇಳಲಿ! ಗೌಡರ ಮನೆಯ ಕೌದಿ ವೇದಿಕೆಯ ಬಳಿ ಬಂತು, ತಮ್ಮದು ಮೂಲೆ ಸೇರಿತು ಎಂದು ಎರಡು ಮನೆಯವರು ಮಾತು ಬಿಟ್ಟರು. ಒಬ್ಬಳು ತನ್ನ ಕಳೆದುಹೋದ ಇಳಕಲ್ ಸೀರೆಯ ಸೆರಗನ್ನು ನೆಗೆಣ್ಣಿಯ ಕೌದಿಯ ನಟ್ಟನಡುವೆ ಪತ್ತೆಹಚ್ಚಿದಳು. ಇನ್ನೊಂದು ಕೌದಿಯ ಬಳಿ ಹೋದರೆ ಸಾಕು, ಆ ಮನೆಯ ಕೂಸಿಗೆ ಎಷ್ಟು ತಿಂಗಳೆಂದು ವಾಸನೆಯೇ ಹೇಳುತ್ತಿತ್ತು. ಆದರೆ ಗೋಡೆ ಬಾಯಿ ಮುಚ್ಚಿತು, ಅದು ನಿಜ. ಅಲ್ಲಿ ಸಭೆಗೆ ಬಂದವರಿಗೆ ಅಷ್ಟು ಕೌದಿ ನೋಡಿ ಕೂತಲ್ಲೇ ನಿದ್ದೆ ಹತ್ತತೊಡಗಿದ್ದಷ್ಟೇ ತೊಂದರೆ.

ಇನ್ನು ಸಾಮಾನು. ಇಂಡಿಯಲ್ಲಿ ಒಂದು ನಾಟಕ ಕಂಪನಿ ಮುಚ್ಚುತ್ತಿದೆ ಎಂದು ಸುದ್ದಿ ಬಂದಾಗ ಕಾಕಾ ನನ್ನನ್ನೂ ಎಳೆದುಕೊಂಡು ಹೋದ. ಆಂಪ್ಲಿಫೈಯರನ್ನು ಸುತ್ತ ತಿರುಗಿ ನೋಡಿದ, ಬೆನ್ನು ತಟ್ಟಿದ, ಆಮೇಲೆ ಮ್ಯಾನೇಜರನ ಕೈ ಮೇಲೆ ಟವೆಲ್ ಹಾಕಿ ಕೆಳಗಿಂದ ಬೆರಳು ಹಿಡಿದ. ದನದ ಸಂತೆಯಲ್ಲಿ ಬೆಲೆ ಕುದುರಿಸುವುದು ಹಾಗೆಯೇ: ಬಾಯಿ ಬಿಡುವಂತಿಲ್ಲ, ಟವೆಲಿನ ಕೆಳಗೆ ಎಷ್ಟು ಬೆರಳು ಹಿಡಿದರೋ ಅಷ್ಟು ನೂರು. ಪಾಪ, ಮ್ಯಾನೇಜರನಿಗೆ ಈ ಲೆಕ್ಕ ಎಲ್ಲಿ ಗೊತ್ತು? ಕಂಪನಿ ಮುಚ್ಚುತ್ತಿರುವುದಕ್ಕೆ ಯಾರೋ ಹಿರಿಯರು ಕೈ ಹಿಡಿದು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. “ನೀವು ತಿಳದಷ್ಟು ಕೊಡ್ರಿ ಯಜಮಾನ್ರ,” ಎಂದ. ಕಾಕಾ ತನಗೆ ತಿಳಿದಷ್ಟೇ ಕೊಟ್ಟ.

ಮುದ್ದೇಬಿಹಾಳದ ಕಡೆಯ ಒಂದು ಹಳೆಯ ಟೂರಿಂಗ್ ಟಾಕೀಸಿನಿಂದ ನಾಲ್ಕು ಸ್ಪೀಕರ್ ಡಬ್ಬಿ ಬಂದವು. ಒಂದರೊಳಗೆ ಇಲಿ ಸಂಸಾರ ಹೂಡಿತ್ತು. ಬಸವನ ಬಾಗೇವಾಡಿಯಿಂದ ಮೈಕು ಬಂತು. ಅದರ ಕಂಬ ಎಷ್ಟು ಕುಳ್ಳಗಿತ್ತೆಂದರೆ ಅದರ ಮುಂದೆ ಭಾಷಣ ಮಾಡಬೇಕಾದವರು ಬಾಗಿ, ನಮಸ್ಕಾರ ಮಾಡುವವರಂತೆ ನಿಲ್ಲಬೇಕಿತ್ತು. “ಛಲೋನ ಆತು. ಭಾಷಣ ಲಗೂನ ಮುಗೀತಾವ,” ಎಂದ ಕಾಕಾ.

ಎಲ್ಲ ಜೋಡಿಸಿದರೆ ಆಂಪ್ಲಿಫೈಯರು ಮುಟ್ಟಿದವರಿಗೆಲ್ಲ ಜುಮ್ಮೆನ್ನುವ ಹಾಗೆ ಹೊಡೆಯುತ್ತಿತ್ತು. ಅರ್ಥಿಂಗ್ ಇಲ್ಲ, ಕರೆಂಟು ಇಳಿಯಲು ಹಸಿ ನೆಲ ಬೇಕು ಎಂದ ಇಮಾಮಸಾಬ. ಕಾಕಾ ಭವನದ ಹಿಂದೆ ಗುಂಡಿ ತೋಡಿ, ಕಬ್ಬಿಣದ ಸಲಾಕೆ ನಿಲ್ಲಿಸಿ, ಉಪ್ಪು ಇದ್ದಿಲು ತುಂಬಿ, ದಿನಾ ಮುಂಜಾನೆ ಸ್ನಾನ ಮಾಡಿ ಅದಕ್ಕೊಂದು ಕೊಡ ನೀರು ಹಾಕತೊಡಗಿದ. ಸ್ನಾನ ಮಾಡಿದ ಮನುಷ್ಯ ದಿನಾ ಒಂದು ಕಲ್ಲಿಗೋ ಕಬ್ಬಿಣಕ್ಕೋ ನೀರು ಹಾಕಿದರೆ ನೋಡಿದ ಜನ ಸುಮ್ಮನಿರುತ್ತಾರೆಯೇ? ನಾಲ್ಕನೆಯ ದಿನ ಸಲಾಕೆಗೆ ಕುಂಕುಮ ಬಿದ್ದಿತ್ತು. ಅಮಾವಾಸ್ಯೆಗೆ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಇಮಾಮಸಾಬ ಗಾಬರಿಯಾಗಿ ಕಾಕಾನ ಮುಖ ನೋಡಿದ.

“ಒಡೀಲಿ ಬಿಡೊ. ಕಾಯಿನ ನೀರು ಭೂಮಿಗೇ ಹೋಗ್ತೈತಲ್ಲ,” ಎಂದ ಕಾಕಾ.

ಒಳಕೋಣೆಗೂ ಒಂದು ಡಬ್ಬಿ ಬೇಕೇಬೇಕೆಂದು ಹಟ ಹಿಡಿದು, ಇಲಿ ಇದ್ದ ಡಬ್ಬಿಯನ್ನು ತೊಳೆದು ಒರೆಸಿ, ಕಾಕು ಕೂಡುವ ಜಾಗದ ಪಕ್ಕಕ್ಕೇ ಇಟ್ಟ. “ಅಡಿಗಿಯವರಿಗೆ ಯಾಕ ಮೈಕು? ಅನ್ನ ಕುದಿಯೂದು ಅವರಿಗೆ ಹಂಗ ಕೇಳ್ತೈತಿ,” ಎಂದು ಪಂಚರೊಬ್ಬರು ಚೇಷ್ಟೆ ಮಾಡಿದರು. ಕಾಕಾ ಅವರ ಜೋಳವನ್ನು ಮೂರು ದಿನ ಬೀಸಲಿಲ್ಲ.

ಮಗಳ ಮದುವೆಗೆ ಹದಿನೈದು ದಿನ ಮೊದಲು ಊರಿನ ಇನ್ನೊಂದು ಮದುವೆಗೆ ಸೆಟ್ಟು ಮೊದಲ ಸಲ ಹೊರಬಿತ್ತು. ಮಂದಿಯೆಲ್ಲ ಅಕ್ಷತೆ ಹಿಡಿದು ಕೂತಿತ್ತು. ವರ ಇನ್ನೂ ಬಿಡಾರದಲ್ಲಿ ಬನಿಯನ್ ಮೇಲೆ ಚಹಾ ಕುಡಿಯುತ್ತಿದ್ದ. ವೇದಿಕೆಯ ಮೇಲೆ ಡೆಕೋರೇಶನ್ನಿನ ಒಬ್ಬ ಆಳು ಏಣಿ ಹತ್ತಿ ಹೂವಿನ ಮಾಲೆ ಕಟ್ಟುತ್ತಿದ್ದ. ಇಮಾಮಸಾಬ ಮೈಕಿನಲ್ಲಿ “ಹಲೋ, ಒನ್, ಟೂ, ಥ್ರೀ” ಎಂದು ಶುರು ಮಾಡಿದ್ದೇ ತಡ, ಕಾಕಾ ಮೈಕು ಕಸಿದ.

“ಲಗ್ನದಾಗ ಯಾರು ಒನ್ ಟೂ ಥ್ರೀ ಅಂತಾರೋ? ಯಾವ ಮಾತು ಕೇಳಸಬೇಕೋ ಅದನ್ನ ಅಂದು ನೋಡಬೇಕು.”

ಹಾಗೆಂದವನೇ ಬಾಗಿ, ಥೇಟ್ ಅಯ್ಯನವರ ರಾಗದಲ್ಲಿ “ಶುಭಮಂಗಲ ಸಾ…ವಧಾನ” ಎಂದು ಎಳೆದ.

ಮುಗಿಯಿತು! ಮುನ್ನೂರು ಮುಷ್ಟಿ ಅಕ್ಷತೆ ಒಮ್ಮೆಲೇ ವೇದಿಕೆಯ ಮೇಲೆ ಬಿತ್ತು. ಬಾಜಾದವರು ಬಾರಿಸಿದರು. ಸಾವಧಾನ ಅಂದಮೇಲೆ ನಮ್ಮ ಮಂದಿ ಸಾವಧಾನವಾಗಿ ಇರುತ್ತಾರೆಯೇ? ಮರುಕ್ಷಣ ಅರ್ಧ ಭವನ ಊಟದ ಪಂಕ್ತಿಯಲ್ಲಿತ್ತು. ವರನ ಅಪ್ಪ ಬಿಡಾರದಿಂದ ಓಡಿಬಂದು, ನೆಲದ ಮೇಲಿನ ಅಕ್ಕಿ ನೋಡಿ, “ಯಾರ ಲಗ್ನ ಆತ್ರಿ?” ಎಂದು ಕೇಳಿದರು. ಅಕ್ಕಿ ಬಳಿದು, ಮೊರದಲ್ಲಿ ಕೇರಿ, ಮತ್ತೆ ಹಂಚಬೇಕಾಯಿತು. ಏಣಿಯ ಮೇಲಿದ್ದ ಆಳಿಗೆ ಮುನ್ನೂರು ಮಂದಿಯ ಆಶೀರ್ವಾದ ಬಿದ್ದದ್ದು ವ್ಯರ್ಥವಾಗಲಿಲ್ಲ. ಆ ವರ್ಷವೇ ಅವನ ಮದುವೆಯಾಯಿತು.

ಊರೆಲ್ಲ ಬೈದರೂ ಕಾಕಾ ಹಿಗ್ಗಿಹೋಗಿದ್ದ. “ಬೈಲಿ ಬಿಡು. ಎಲ್ಲಾರಿಗೂ ಕೇಳಿಸ್ತೋ ಇಲ್ಲೋ?” ಎಂದು ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳಿದ.

ಮಗಳ ಮದುವೆಯ ದಿನ ಆ ಸೆಟ್ಟು ಕೆಟ್ಟಿತೆಂದು ನೀವು ಕಾಯುತ್ತಿದ್ದರೆ ಕ್ಷಮಿಸಿ, ಕೆಡಲಿಲ್ಲ. ಕರೆಂಟೂ ಹೋಗಲಿಲ್ಲ. ಅಯ್ಯನವರ ಒಂದೊಂದು ಅಕ್ಷರ ಭವನದ ಮೂಲೆ ಮೂಲೆಗೆ, ಹೊರಗೆ ಚಪ್ಪಲಿ ಕಾಯುವವನವರೆಗೆ ಸ್ಪಷ್ಟವಾಗಿ ಹೋಯಿತು. ಅಕ್ಷತೆ ಸರಿಯಾದ ಹೊತ್ತಿಗೆ ಸರಿಯಾದವರ ತಲೆಯ ಮೇಲೆ ಬಿತ್ತು. ಚೇಷ್ಟೆ ಮಾಡಿದ್ದ ಪಂಚರೇ ಬಂದು ಕಾಕಾನ ಬೆನ್ನು ಚಪ್ಪರಿಸಿ, “ಗೆದ್ದಿ ಬಿಡಪಾ,” ಎಂದರು. ಕಾಕಾ ಅವರ ಮಾತು ಪೂರ್ತಿ ಕೇಳದೆ, ತಲೆಯಿಂದ ಜಾರಿದ ಪಟಗಾ ಕೈಯಲ್ಲಿ ಹಿಡಿದುಕೊಂಡು ಒಳಕೋಣೆಗೆ ಓಡಿದ. ಬೆನ್ನಿಗೆ ನಾನೂ ಹೋದೆ.

ಕಾಕು ಡಬ್ಬಿಗೆ ಕಿವಿ ಹಚ್ಚಿಕೊಂಡೇ ಕೂತಿದ್ದಳು. ಕಾಕಾನನ್ನು ಕಂಡು ಮುಖ ಅರಳಿಸಿದಳು. ಕಾಕಾ ಅವಳೆದುರು ಕುಕ್ಕುರುಗಾಲಲ್ಲಿ ಕೂತು ಜೋರಾಗಿ ಕೇಳಿದ.

“ಕೇಳಿಸ್ತೇನ?”

“ಕೇಳಿಸ್ತ್ರಿ. ಎಲ್ಲಾ ಕೇಳಿಸ್ತು. ಭಾಳ ಛಲೋ ಮಾಡೀರಿ ನೋಡ್ರಿ,” ಎಂದಳು ಕಾಕು.

ಅವಳ ಬಲಗೈ ಮುಷ್ಟಿ ಇನ್ನೂ ಬಿಗಿದೇ ಇತ್ತು. ಬೆರಳ ಸಂದಿಯಿಂದ ಅರಿಶಿನದ ಅಕ್ಕಿ ಕಾಣುತ್ತಿತ್ತು. ಹೊಸ್ತಿಲ ಬಳಿ ಒಂದು ಕಾಳೂ ಬಿದ್ದಿರಲಿಲ್ಲ.

ಕಾಕಾ ಆ ಮುಷ್ಟಿಯನ್ನೇ ನೋಡುತ್ತ ಕೂತ. ಆರು ತಿಂಗಳಿನಿಂದ ಆ ಸೆಟ್ಟಿಗೆ ಯಾರಾದರೂ ಒಂದು ಮಾತು ಅಂದರೆ ಮೈಮೇಲೆ ಹೋಗುತ್ತಿದ್ದ ಮನುಷ್ಯ ಎದ್ದು ಭವನಕ್ಕೆ ಬಂದ. ಕುಳ್ಳ ಕಂಬದ ಮೈಕಿಗೆ ಬಾಗಿ ಎಲ್ಲರಿಗೂ ಕೇಳುವಂತೆ ಹೇಳಿದ: “ಈ ಮೈಕ್ ಸುಮಾರ್ ಐತಿ. ನನಗ ಒಂದಕ್ಷರ ಸುದ್ದಾ ತಿಳೀಲಿಲ್ಲ. ಅಯ್ನೋರ, ಇನ್ನೊಮ್ಮೆ ಅನ್ನಬೇಕ್ರಿ. ಇಲ್ಲಿ ಅಲ್ಲ, ಒಳಗ ಬಂದು.”

ಇಮಾಮಸಾಬ ಕಾಕಾನ ಮುಖ ನೋಡಿ ಆಂಪ್ಲಿಫೈಯರು ಆರಿಸಿದ. ಅಯ್ಯನವರು ಪದ್ಧತಿಯ ಮಾತು ತೆಗೆದರು. “ಮುಹೂರ್ತ ಮುಗದೈತ್ರಿ. ಈಗ ತಾಯಿ ನೋಡಿದ್ರ ಯಾರಿಗೇನ ಆಗ್ತೈತಿ?” ಎಂದು ಕಾಕಾ ಅವರ ಕೈ ಹಿಡಿದು ನಡೆಸಿಕೊಂಡೇ ಹೋದ. ಬಾಸಿಂಗ ಕಟ್ಟಿಕೊಂಡ ಮಗಳು, ಅಳಿಯ ಹಿಂದಿನಿಂದ ಬಂದರು. ಅನ್ನದ ಹಂಡೆಗಳ ನಡುವೆ, ಕಾಕುವಿನ ಎದುರಿಗೇ ಅವರನ್ನು ನಿಲ್ಲಿಸಿದ. ಆಮೇಲೆ ತನ್ನ ಎರಡೂ ಅಂಗೈಗಳನ್ನು ಬಾಗಿಸಿ ಹೆಂಡತಿಯ ಕಿವಿಯ ಸುತ್ತ ಹಿಡಿದ. ಅಯ್ಯನವರು ಆ ಕೈಗಳ ಹತ್ತಿರ ಬಾಯಿಟ್ಟು, ಕುತ್ತಿಗೆಯ ನರ ಉಬ್ಬಿಸಿ, ಮೊದಲಿನಿಂದ ಶುರು ಮಾಡಿದರು.

ಹೊರಗೆ ಊಟದ ಪಂಕ್ತಿ ಎಲೆ ಮುಂದೆ ಕಾಯುತ್ತಿತ್ತು. ಯಾರೂ ಗೊಣಗಲಿಲ್ಲ. ‘ಸಾವಧಾನ’ ಬಂದಾಗ ಕಾಕು ಮುಷ್ಟಿ ಬಿಚ್ಚಿ ಮಗಳ ತಲೆಯ ಮೇಲೆ ಅಕ್ಷತೆ ಹಾಕಿದಳು. ನಾನು ಅತ್ತೆ, ಮುಚ್ಚಿಡುವುದೇನಿದೆ. ಕಾಕುವಿಗೂ ಕಣ್ಣು ತುಂಬಿ ಹರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುತ್ತ ಅವಳು, ಇನ್ನೂ ಒದರುತ್ತಲೇ ಇದ್ದ ಅಯ್ಯನವರಿಗೆ ಹೇಳಿದಳು:

“ಸಾವಕಾಶ ಅನ್ರಿ ಅಯ್ನೋರ. ಎಲ್ಲಾ ಕೇಳಾಕತ್ತೈತಿ.”