ಕಲ್ಲಿದ್ದಲನ್ನು ಜೋಳದಂತೆ ಹಸನು ಮಾಡಿದ ಬಗ್ಗೆ

ಕಲ್ಲಿದ್ದಲು-ಆನೋಡ್ ಪ್ರಯೋಗ ಘಟಕ
ಹಿಟ್ನಾಳ ರಸ್ತೆ, ಕೊಪ್ಪಳ

ಸಂಖ್ಯೆ: ಕಆಪ್ರ/ಮೊರ/01/2023-24
ದಿನಾಂಕ: 18-11-2023

ಸುತ್ತೋಲೆ

ವಿಷಯ: ಘಟಕದ ಕಲ್ಲಿದ್ದಲನ್ನು ಮೊರದಲ್ಲಿ ಕೇರಿ, ಪೂರ್ವಾನುಮತಿ ಇಲ್ಲದೆ ಬ್ಯಾಟರಿ ಯಶಸ್ವಿಯಾಗುವಂತೆ ಮಾಡಿದ ಕುರಿತು.

ಉಲ್ಲೇಖ: 1. ಯೋಜನೆಯ ಮಂಜೂರಾತಿ ಆದೇಶ (ಕಡತ ಸದ್ಯಕ್ಕೆ ಸಿಕ್ಕಿಲ್ಲ).
2. ಸ್ಟೋರ್ ಕೀಪರ್ ಸಿದ್ದೇಶ ಇವರ ವರದಿ.
3. ದಿನಗೂಲಿ ಕೆಲಸದ ಯಮನೂರಮ್ಮ ಇವರ ಬಾಯಿಮಾತಿನ ಹೇಳಿಕೆ.

ಲಿಥಿಯಂ ಬ್ಯಾಟರಿಯೊಳಗೆ ಆನೋಡ್ ಎಂಬ ಭಾಗವಿರುತ್ತದೆ. ಅದಕ್ಕೆ ಗ್ರಾಫೈಟ್ ಬೇಕು, ಗ್ರಾಫೈಟ್ ಪರದೇಶದಿಂದ ಬರಬೇಕು. ಅದರ ಬದಲು ನಮ್ಮ ಕಲ್ಲಿದ್ದಲನ್ನೇ ಪುಡಿ ಮಾಡಿ, ಕುಲುಮೆಯಲ್ಲಿ ಕಾಯಿಸಿ ಬಳಸಬಹುದೇ ಎಂದು ನೋಡುವುದು ಈ ಘಟಕದ ಕೆಲಸ. ಒಂಬತ್ತು ವರ್ಷಗಳಿಂದ ನೋಡಲಾಗುತ್ತಿದೆ. ತಯಾರಾದ 212 ಬ್ಯಾಟರಿಗಳಲ್ಲಿ ಒಂದೂ ಹನ್ನೊಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಲ್ಬು ಉರಿಸಿ ಘಟಕದ ಶಿಸ್ತಿಗೆ ಭಂಗ ತಂದಿರಲಿಲ್ಲ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ, ದಿನಾಂಕ 6-11ರಂದು ಪುಡಿ ಯಂತ್ರದ ಶಬ್ಬೀರಸಾಬ ರಜೆ ಹಾಕಿದರು. ಆ ದಿನದ ಮಟ್ಟಿಗೆ ಕಲ್ಲಿದ್ದಲು ಬೀಸುವ ಕೆಲಸವನ್ನು, ಒಂಬತ್ತು ವರ್ಷದಿಂದ ಇಲ್ಲಿ ಕಸ ಗುಡಿಸುವ ಹಿಟ್ನಾಳದ ಯಮನೂರಮ್ಮನಿಗೆ ವಹಿಸಲಾಯಿತು. ಆಕೆ ಏನು ಮಾಡಿದಳು ಎಂಬುದನ್ನು ಆಕೆಯ ಮಾತಿನಲ್ಲೇ ದಾಖಲಿಸಲಾಗಿದೆ:

"ಹಸನ ಮಾಡಲಾರ್ದ ಯಾರರ ಬೀಸಾಕ ಹಾಕ್ತಾರೇನ್ರಿ? ಕಲ್ಲು ಭಾಳ ಇದ್ವು. ಮನಿಯಿಂದ ಮೊರ ತಂದು ಕೇರಿದೆ, ಕಲ್ಲು ಆರಿಸಿ ಹೊರಗ ಒಗದೆ. ರೊಟ್ಟ್ಯಾಗ ಕಲ್ಲು ಸಿಕ್ರ ಗಂಡಸರು ಗಂಗಾಳ ದೂಡಿ ಎದ್ದು ಹೋಗ್ತಾರ. ಬ್ಯಾಟ್ರಿನೂ ಹಂಗ ಎದ್ದು ಹೋಗಾಕತ್ತಿತ್ತು, ಪಾಪ."

ಆ ಪುಡಿಯಿಂದ ಮಾಡಿದ 213ನೇ ಬ್ಯಾಟರಿ ನಲವತ್ತು ಗಂಟೆ ಬಲ್ಬು ಉರಿಸಿದೆ. ಚಾರ್ಜ್ ಮಾಡಿದರೆ ಮತ್ತೆ ಉರಿಸುತ್ತದೆ. ಅಯ್ಯೋ, ಇಂದಿಗೂ ಉರಿಸುತ್ತಿದೆ! ತೂಕ ಮಾಡಲಾಗಿ ಚೀಲದಲ್ಲಿ ಹದಿನಾಲ್ಕು ಕಿಲೋ ಕಡಿಮೆ ಬಂದಿದ್ದು, ಸಿದ್ದೇಶ ಇವರು ಅದನ್ನು 'ಕಳವು' ಎಂದು ವರದಿ ಮಾಡಿದ್ದಲ್ಲದೆ, ಹಿಟ್ನಾಳದ ಹಿಟ್ಟಿನ ಗಿರಣಿಯ ಮುಂದೆ ನಿಂತು ನಾಲ್ಕು ಜನಕ್ಕೆ ಹೇಳಿಯೂ ಬಂದಿರುತ್ತಾರೆ. ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ಯದ ಹೆಂಗಸು ಆಕೆ ಎಂಬ ಅಂಶ ವರದಿಯ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ ಸೇರಿರುವುದಿಲ್ಲ.

ಆದಕಾರಣ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಕಲ್ಲಿದ್ದಲಿನೊಳಗಿನ ಕಲ್ಲು ಟೆಂಡರ್ ಮೂಲಕವೇ ಬಂದದ್ದು. ಅದನ್ನು ಯಾರೂ ಆರಿಸತಕ್ಕದ್ದಲ್ಲ.

2. ಒಗೆದ ಕಲ್ಲನ್ನು ಸಿದ್ದೇಶ ಇವರು ಹುಡುಕಿ ತಂದು ಮತ್ತೆ ಚೀಲಕ್ಕೆ ಸೇರಿಸತಕ್ಕದ್ದು. ಗುರುತು ಸಿಗದಿದ್ದಲ್ಲಿ ಹೆದ್ದಾರಿ ಬದಿಯ ಯಾವುದೇ ಕಲ್ಲು ನಡೆಯುತ್ತದೆ. ತೂಕ ಸರಿಯಿದ್ದರೆ ಸಾಕು.

3. ಮೊರ, ಜರಡಿಗಳನ್ನು ಗೇಟಿನೊಳಗೆ ತರುವಂತಿಲ್ಲ. ಯಮನೂರಮ್ಮನ ಮೊರಕ್ಕೆ ಬಿಳಿ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಕಪಾಟಿನಲ್ಲಿ ಇಡಲಾಗಿದೆ. ಮೊರ ಅಗಲವಾಗಿದ್ದು ಕಪಾಟಿನ ಬಾಗಿಲು ಮುಚ್ಚದೆ ಇರುವುದರಿಂದ, ಕಾವಲುಗಾರ ಗಾಳೇಶ ಇವರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲತಕ್ಕದ್ದು.

4. ಹನ್ನೊಂದು ನಿಮಿಷ ಮೀರಿ ಉರಿಯುವ ಬ್ಯಾಟರಿಗೆ ಕಾರಣ ಕೇಳಿ ನೋಟಿಸು ನೀಡಲಾಗುವುದು. ಯೋಜನೆ 2031ರವರೆಗೆ ಮಂಜೂರಾಗಿದೆ. ಈಗಲೇ ಯಶಸ್ಸು ಬಂದುಬಿಟ್ಟರೆ ಉಳಿದ ಎಂಟು ವರ್ಷ ಮೂವತ್ತೊಂದು ಜನ ಕೂತು ಏನು ಮಾಡಬೇಕು ಎಂಬುದನ್ನು ಯಾರಾದರೂ ಯೋಚಿಸಿದ್ದೀರಾ?

5. 213ನೇ ಬ್ಯಾಟರಿ ಭಾನುವಾರ ಹಾಗೂ ಸರಕಾರಿ ರಜಾದಿನಗಳಂದು ಉರಿಯತಕ್ಕದ್ದಲ್ಲ.

6. ಯಮನೂರಮ್ಮನನ್ನು 13-11ರಿಂದ ಕೆಲಸದಿಂದ ತೆಗೆಯಲಾಗಿದೆ.

7. ಈ ನಡುವೆ 213ನೇ ಬ್ಯಾಟರಿಯ ಸುದ್ದಿ ಸಿದ್ದೇಶರ ವರದಿಯಿಂದಲೇ ಮೇಲಕ್ಕೆ ಹೋಗಿ, ಅಂಥವೇ ಹತ್ತು ಬ್ಯಾಟರಿ ಮಾಡುವ ಬಗೆಯನ್ನು ಸೋಮವಾರ ನೋಡಲು ಮೇಲಧಿಕಾರಿಗಳು ಬರುತ್ತಿದ್ದಾರೆ. ಘಟಕದ ಇಬ್ಬರು ಪಿಎಚ್‌ಡಿ ಪದವೀಧರರು ಬಾಡಿಗೆ ಮೊರ ಹಿಡಿದು ಮೂರು ದಿನ ಕೇರಿದ್ದಾರೆ. ಕಲ್ಲು ಮೊರದಲ್ಲೇ ಉಳಿದು, ಕಲ್ಲಿದ್ದಲು ಅವರ ಮುಖಕ್ಕೆ ಹಾರಿದೆ. ಆದ್ದರಿಂದ ಕಲಂ 1, 3 ಮತ್ತು 6ನ್ನು ಸೋಮವಾರ ಸಂಜೆ 4ರವರೆಗೆ ತಡೆಹಿಡಿಯಲಾಗಿದೆ.

8. ಯಮನೂರಮ್ಮನನ್ನು ಕರೆತರಲು ಚಾಲಕ ಬಾಬಾಸಾಬ ಇವರ ಮೂಲಕ ಜೀಪು ಕಳಿಸಲಾಗಿ, ಜೀಪು ಖಾಲಿ ಬಂದಿರುತ್ತದೆ. ಆಕೆ ಹೇಳಿ ಕಳಿಸಿದ್ದು:

"ಕೂಲಿ ಎಲ್ಲ್ಯರ ಸಿಗತೈತಿ, ಬಾಬಾಸಾಬಣ್ಣ. ಗಿರಣಿಗೆ ಹೋದ್ರ ನನ್ನ ಜ್ವಾಳದ ಡಬ್ಬಿ ನೋಡಿ, ಇದು ಯಾರ ಮನಿದಬೇ ಅಂತಾರ. ಸೊಸಿ ಮುಂದ ತಲಿ ಎತ್ತಾಕ ಆಗವಲ್ದು. ನಾ ಕಳ್ಳಿ ಅಲ್ಲಂತ ಬರದು ಕೊಡ್ರಿ, ನನ್ನ ಮೊರ ನನಗ ತಂದು ಕೊಡ್ರಿ. ಆಮ್ಯಾಲ ಬರ್ತೀನಿ."

9. ಆದ್ದರಿಂದ ಯಮನೂರಮ್ಮ ಕಳ್ಳಿ ಅಲ್ಲವೆಂದು ಈ ಮೂಲಕ ಘೋಷಿಸಲಾಗಿದೆ. ಈ ಘೋಷಣೆಯು ಸೋಮವಾರ ಸಂಜೆ 4ರವರೆಗೆ ಮಾತ್ರ ಜಾರಿಯಲ್ಲಿರತಕ್ಕದ್ದು.

ತಿದ್ದುಪಡಿ: ಕಲಂ 9ರ ಎರಡನೆಯ ವಾಕ್ಯವನ್ನು ಸೊಸೆ ಲಲಿತಾ ಓದಿ ಹೇಳಿದ ಕೂಡಲೇ ಯಮನೂರಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರಿಂದ, ಸದರಿ ವಾಕ್ಯವನ್ನು ಅವರ ಮನೆ ಕಟ್ಟೆಯ ಮೇಲೆ ಕುಳಿತು ಹೊಡೆದುಹಾಕಲಾಗಿದೆ. ಕಲಂ 1, 3 ಮತ್ತು 6ನ್ನು ಸಹ ಪೂರ್ತಿಯಾಗಿ ಹೊಡೆದುಹಾಕಲಾಗಿದೆ. ಬಾಗಿಲು ಇನ್ನೂ ತೆರೆದಿರುವುದಿಲ್ಲ.

ಸಹಿ/-
(ವಿರುಪಣ್ಣ)
ಯೋಜನಾಧಿಕಾರಿ
ಸ್ಥಳ: ಹಿಟ್ನಾಳ, ಯಮನೂರಮ್ಮನ ಮನೆ ಕಟ್ಟೆ. ಮೊರ ತೊಡೆಯ ಮೇಲಿದೆ.

ಪ್ರತಿಗಳು:

1. ಮೇಲಧಿಕಾರಿಗಳಿಗೆ, ಕಲಂ 4ನ್ನು ಹೊರತುಪಡಿಸಿ.

2. ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಉಪಘಟಕಗಳಿಗೆ. ಅಲ್ಲಿ ಯಾವ ಬ್ಯಾಟರಿಯೂ ಉರಿಯದ ಕಾರಣ ಮಾಹಿತಿಗಾಗಿ ಮಾತ್ರ, ಅಭಿನಂದನೆಗಳೊಂದಿಗೆ.

3. ಶ್ರೀ ಸಿದ್ದೇಶ, ಸ್ಟೋರ್ ಕೀಪರ್. ಹೆದ್ದಾರಿಯಲ್ಲಿ ಕಲ್ಲು ಹುಡುಕುವುದನ್ನು ನಿಲ್ಲಿಸಿ ಹಿಟ್ನಾಳದ ಗಿರಣಿಗೆ ಬರಲು.

4. ಶ್ರೀ ಗಾಳೇಶ, ಕಾವಲುಗಾರ. ಮೊರ ಈಗ ಕಪಾಟಿನಲ್ಲಿಲ್ಲ, ಬೆನ್ನು ತೆಗೆಯಬಹುದು.

5. ಶ್ರೀಮತಿ ಯಮನೂರಮ್ಮ. ಬಾಗಿಲ ಸಂದಿಯಿಂದ ಒಳಗೆ ಸರಿಸಲಾಗಿದೆ.

6. ಹಿಟ್ನಾಳದ ಹಿಟ್ಟಿನ ಗಿರಣಿಯ ಗೋಡೆಗೆ. ಕಲಂ 9ರ ಮೊದಲನೆಯ ವಾಕ್ಯವನ್ನು ಬೀಸಲು ಬಂದವರ ಮುಂದೆ ಯೋಜನಾಧಿಕಾರಿಗಳು ಎರಡು ಸಲ, ಸಿದ್ದೇಶ ಇವರು ಒಂದು ಸಲ ಗಟ್ಟಿಯಾಗಿ ಓದಿದ ಮೇಲೆ ಯಮನೂರಮ್ಮನ ಮನೆ ಬಾಗಿಲು ತೆರೆದಿರುತ್ತದೆ.