ಲಟ್ಟಣಿಗೆಗೆ ಬಿಡುಗಡೆ

"ಇನ್ನು ಈ ಮನೆಯಲ್ಲಿ ಲಟ್ಟಣಿಗೆ ಚಪಾತಿಗೆ ಮಾತ್ರ!" ಎಂದು ನಾನು ಘೋಷಿಸಿದ್ದು ಒಂದು ಶನಿವಾರ, ರಾಣೆಬೆನ್ನೂರಿನ ನಮ್ಮ ಕೈತೋಟದ ನಡುವೆ ನಿಂತು.

ಕಾರಣವಿತ್ತು. ತೋಟದ ದೀಪಗಳ ಸ್ವಿಚ್ಚು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ನಮ್ಮತ್ತೆ ದಿನಾ ಸಂಜೆ ರಬ್ಬರ್ ಚಪ್ಪಲಿ ಮೆಟ್ಟಿ, ಮಣೆಯ ಮೇಲೆ ನಿಂತು, ಲಟ್ಟಣಿಗೆಯ ತುದಿಯಿಂದ ಅದನ್ನು ಒತ್ತುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸೊಸೆಗೆ ಇದಕ್ಕಿಂತ ಅವಮಾನ ಬೇಕೆ?

"ಅತ್ತಿ, ಇನ್ನ ನೀವು ಏಳೂದು ಬ್ಯಾಡ್ರಿ. ಕತ್ತಲಾದ್ರ ದೀಪ ತಂತಾನ ಹತ್ತತಾವು, ಬೆಳಗಾದ್ರ ಆರತಾವು," ಎಂದು ಮಾತು ಕೊಟ್ಟೆ.

ಇಲೆಕ್ಟ್ರಿಶಿಯನ್ ಮೆಹಬೂಬಣ್ಣ ಇಲಿ ಕಡಿದ ವೈರೆಲ್ಲ ಕಿತ್ತು ಹೊಸದು ಎಳೆದರು. ಸ್ವಿಚ್ಚಿದ್ದ ಜಾಗಕ್ಕೆ ನಾನೇ ಮುಂದೆ ನಿಂತು ಸಿಮೆಂಟು ಮೆತ್ತಿಸಿದೆ. ಉಳಿದದ್ದು ಹಗಲು, ಇರುಳು ಗುರುತಿಸುವ ಸೆನ್ಸರ್.

"ಮೇಡಂ, ಇದನ್ನ ಮಾಳಗಿ ಮ್ಯಾಲ ಹಾಕೂಣ್ರಿ. ದೀಪದ ಬುಡಕ ಬ್ಯಾಡ."

"ಬೆಳಕಿನ ಪಾಠ ನಾಲ್ಕು ವರ್ಷದಿಂದ ಹೇಳಾಕತ್ತೇನಿ ಅಣ್ಣಾ. ದೀಪದ ಬುಡಕನ ಕೂಡಸ್ರಿ!"

ಕೂಡಿಸಿದರು. ಬ್ಯಾಡಗಿಯ ಯಾವುದೋ ಕೋಲ್ಡ್ ಸ್ಟೋರೇಜಿನಲ್ಲಿ ಎಂಟು ದಿನದ ಕೆಲಸವಿದೆಯೆಂದು ಬಸ್ಸು ಹತ್ತಿದರು.

ಮಲ್ಲಿಗೆ ಬಳ್ಳಿಯ ಮೇಲೆ ಕತ್ತಲು ಮೆಲ್ಲಗೆ ಇಳಿಯಿತು. ದೀಪ ಹತ್ತಿತು! ಅತ್ತೆ ಕೈ ಮುಗಿದರು. ಮುಗಿದ ಕೈ ಬಿಡುವಷ್ಟರಲ್ಲಿ ಆರಿತು. ಸೆನ್ಸರ್ ಪಾಪ, ನೆತ್ತಿಯ ಮೇಲಿನ ದೀಪ ಕಂಡು ಹಗಲಾಯಿತೆಂದು ಆರಿಸುತ್ತಿತ್ತು. ಆರಿದ ಕೂಡಲೇ ಇರುಳಾಯಿತೆಂದು ಹತ್ತಿಸುತ್ತಿತ್ತು. ನಮ್ಮ ತೋಟದಲ್ಲಿ ನಿಮಿಷಕ್ಕೆ ಆರು ಸೂರ್ಯೋದಯ! ಹತ್ತಿದಾಗಲೆಲ್ಲ ಕೈ ಮುಗಿಯುತ್ತಿದ್ದ ಅತ್ತೆ ಒಂಬತ್ತನೆಯದಕ್ಕೆ ಸುಸ್ತಾಗಿ ಕೂತರು.

ಪಕ್ಕದ ಮನೆಯ ದ್ರಾಕ್ಷಾಯಿಣಿ ಅಕ್ಕ ಕಂಪೌಂಡಿನ ಮೇಲಿಂದ ಇಣುಕಿದರು. "ಯಾರ ಲಗ್ನ ಐತ್ರಿ? ನಮಗ ಹೇಳೇ ಇಲ್ಲಲ್ಲ!"

"ಲಗ್ನ ಅಲ್ರಿ ಅಕ್ಕಾ," ಎಂದ ನನ್ನ ಗಂಡ ನಂದನ, ಮುಖ ಗಂಭೀರ ಮಾಡಿ. "ಬೆಳಕಿನ ಪಾಠ ನಡದೈತಿ."

ಕೊನೆಗೆ ಅತ್ತೆ ಒಂದು ತೆಂಗಿನ ಚಿಪ್ಪಿಗೆ ದಾರ ಕಟ್ಟಿ ತಂದರು. ನಂದನ ಅದನ್ನು ಸೆನ್ಸರ್ ಮುಚ್ಚುವಂತೆ ಮೇಲಿನ ಮೊಳೆಗೆ ನೇತುಹಾಕಿದ. ದೀಪ ಕದಲದೆ ಉರಿಯಿತು. ಅತ್ತೆ ಕೊನೆಯ ಸಲ ಕೈ ಮುಗಿದು ಒಳಗೆ ಹೋದರು.

ಮರುದಿನ ಹನ್ನೆರಡು ಗಂಟೆಯ ಬಿಸಿಲಲ್ಲೂ ಅದು ಉರಿಯುತ್ತಲೇ ಇತ್ತು. ಚಿಪ್ಪಿನೊಳಗೆ ಬೆಳಗಾಗಿರಲೇ ಇಲ್ಲ! ನಂದನ ಊರಲ್ಲಿರಲಿಲ್ಲ. ಆರಿಸೋಣವೆಂದರೆ ಸ್ವಿಚ್ಚು ಸಿಮೆಂಟಿನಡಿ.

"ಚಿಪ್ಪು ನಾ ತಗೀತೇನ್ರಿ ಅತ್ತಿ."

"ಬ್ಯಾಡವಾ, ನೀ ಮುಟ್ಟಬ್ಯಾಡ. ಮೆಹಬೂಬ ಬರೂತನಕ ಇನ್ನೂ ಏಳು ದಿನ ಹೆಂಗರ ಕಳೀಬೇಕಲ್ಲ."

ಅತ್ತೆ ಮಣೆ ತಂದು ಹಾಕಿ, ಹತ್ತಿ ನಿಂತು ಕೈ ಚಾಚಿದರು. ಮೊಳೆ ಒಂದು ಗೇಣು ಮೇಲಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಒಳಗ ಹೋಗಿ ಲಟ್ಟಣಿಗಿ ತಗೊಂಡು ಬಾ."